ಗ್ರೀನ್ ಕಾರ್ಡ್ ಗಂಡ ಓಹಾಯೋದಲ್ಲಿ, ನಾನು ಶಿವಮೊಗ್ಗದಲ್ಲಿ: ಐ-130 ಅಪ್ರೂವಲ್‌ಗೆ ಇನ್ನೆಷ್ಟು ಕಾಯ್ಬೇಕು?

ತುಂಗೆ_ದಡ (ಫೆಬ್ರವರಿ 2025)

ಎಲ್ರಿಗೂ ನಮಸ್ಕಾರ. ಇಲ್ಲಿ ಮೊದಲ್ನೇ ಸಲ ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ನಮ್ ಮದ್ವೆ 2023 ನವೆಂಬರಲ್ಲಿ ಆಯ್ತು. ಯಜಮಾನ್ರು ಓಹಾಯೋದಲ್ಲಿದಾರೆ, ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಅಲ್ಲ. ಮೂರು ವಾರ ರಜೆ ಹಾಕ್ಕೊಂಡು ಬಂದಿದ್ರು, ಮದ್ವೆ, ಸಬ್ ರಿಜಿಸ್ಟ್ರಾರ್ ಆಫೀಸು, ಮನೆದೇವ್ರು, ಬೀಗರೂಟ, ಅಷ್ಟರಲ್ಲಿ ರಜೆ ಮುಗ್ದೋಯ್ತು. 2024 ಜನವರಿಲಿ ಆನ್‌ಲೈನಲ್ಲಿ ಐ-130, ಅಂದ್ರೆ ಹೆಂಡ್ತಿನ ಕರೆಸ್ಕೊಳ್ಳೋ ಅರ್ಜಿ, ಹಾಕಿದ್ರು, ಆಗ ಫೀಸು 535 ಡಾಲರ್ ಇತ್ತು. ಅವತ್ತಿಂದ ಇವತ್ತಿನ್ವರ್ಗೂ ಸ್ಟೇಟಸ್ಸಲ್ಲಿ 'ಕೇಸ್ ವಾಸ್ ರಿಸೀವ್ಡ್' ಅಂತ ಒಂದೇ ಸಾಲು. ಬೆಳಗ್ಗೆ ಎದ್ದು ಹಾಲಿಗಿಟ್ಟು ಮೊಬೈಲಲ್ಲಿ ಅದನ್ನ ನೋಡೋದು, ಮತ್ತೆ ರಾತ್ರಿ ಮಲಗೋಕ್ ಮುಂಚೆ ನೋಡೋದು. 13 ತಿಂಗಳಾಯ್ತು.

ನಮ್ ಕಡೆ ಹೊಸದಾಗಿ ಮದ್ವೆ ಆದವ್ರನ್ನ ಆಷಾಢಕ್ಕೆ ತವರಿಗೆ ಕಳಿಸ್ತಾರಲ್ಲ, ಅದೂ ಒಂದೇ ತಿಂಗಳು. ನನಗೆ ಮದ್ವೆ ಆದಾಗಿಂದ ಆಷಾಢನೇ. ಯಾವ ಫಂಕ್ಷನ್‌ಗೆ ಹೋದ್ರೂ 'ಇನ್ನೂ ಹೋಗಿಲ್ವಾ?' ಅಂತಾರೆ, ಅದಕ್ಕಿಂತ ಕಷ್ಟ ಅಂದ್ರೆ ಆಮೇಲೆ ಅಮ್ಮನ್ ಮುಖ ನೋಡೋದು. ನಾನೊಂದು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ, ಹೆಡ್ ಮಿಸ್ ಪಾಪ ಒಳ್ಳೇವ್ರು, ಆದ್ರೆ ಮುಂದಿನ ವರ್ಷದ ಹತ್ತನೇ ಕ್ಲಾಸು ನಿಂಗೆ ಕೊಡ್ಲೋ ಬೇಡ್ವೋ ಅಂತ ಅವ್ರೂ ಕೇಳ್ಬೇಕಲ್ವಾ. ಏನ್ ಹೇಳ್ಲಿ?

ಕೇಳ್ಬೇಕಾಗಿರೋದು ಇಷ್ಟು. ಅಪ್ರೂವಲ್ ಸಾಮಾನ್ಯವಾಗಿ ಎಷ್ಟ್ ತಿಂಗಳಿಗೆ ಬರುತ್ತೆ? ಬೇಗ ಮಾಡ್ಸೋಕೆ ಎಕ್ಸ್‌ಪಿಡೈಟ್ ಅಂತ ಏನೋ ಇದ್ಯಂತೆ, ಹಾಕ್ಬೋದಾ? ಅಷ್ಟರಲ್ಲಿ ಟೂರಿಸ್ಟ್ ವೀಸಾದಲ್ಲಿ ಒಂದೆರಡು ತಿಂಗಳು ಹೋಗ್ಬರಕ್ಕಾಗುತ್ತಾ? ಒಬ್ರು ಏಜೆಂಟು ದುಡ್ಡು ಕೊಟ್ರೆ ಫೈಲ್ ಮೂವ್ ಮಾಡಿಸ್ತೀನಿ ಅಂತಿದಾರೆ, ಅಪ್ಪ ಕೊಟ್ಬಿಡೋಣ ಅಂತಿದಾರೆ.

ಇನ್ನೊಂದು, ಯಜಮಾನ್ರು ಯುಗಾದಿಗೆ ಬರ್ತಿದಾರೆ. ಆಫೀಸಲ್ಲಿ ಇಂಡಿಯಾದಿಂದನೇ ಕೆಲ್ಸ ಮಾಡಕ್ಕೆ ಒಪ್ಪಿದಾರಂತೆ, ಒಂದ್ ಏಳೆಂಟು ತಿಂಗಳು ಇಲ್ಲೇ ಇದ್ದು ಅಪ್ರೂವಲ್ ಬಂದ್ಮೇಲೆ ಇಬ್ರೂ ಒಟ್ಟಿಗೇ ಹೋಗೋಣ ಅಂತ ಪ್ಲಾನು. ಇದೊಂದೇ ಈಗಿರೋ ಖುಷಿ.

ಮೈಸೂರು_ಆಸ್ಟಿನ್

ಮೇಡಂ, ಉತ್ತರ ಬರೆಯೋಕ್ ಮುಂಚೆ ಎರಡು ವಿಷ್ಯ ಕೇಳ್ಬೇಕು. ನಿಮ್ ಯಜಮಾನ್ರಿಗೆ ಗ್ರೀನ್ ಕಾರ್ಡ್ ಯಾವತ್ತು ಸಿಕ್ತು, ಮದ್ವೆಗೆ ಮುಂಚೆನಾ ಆಮೇಲಾ? ಮತ್ತೆ ಅದು ಅವರ ಕೆಲ್ಸದ ಮೂಲಕ ಬಂದಿದ್ದಾ?

ಯಾಕ್ ಕೇಳ್ತಿದೀನಿ ಅಂದ್ರೆ, ಗ್ರೀನ್ ಕಾರ್ಡ್ ಅಪ್ರೂವ್ ಆಗೋಕ್ ಮುಂಚೆನೇ ಮದ್ವೆ ಆಗಿದ್ರೆ ಈ ಐ-130 ಕ್ಯೂನೇ ಬೇಡ, 'ಫಾಲೋ ಟು ಜಾಯಿನ್' ಅಂತ ಇದೆ, ಗಂಡನ್ ಕೇಸಲ್ಲೇ ಹೆಂಡ್ತಿ ಡಿಪೆಂಡೆಂಟ್ ಆಗಿ ಬರ್ಬೋದು, ಅದಕ್ಕೆ ಐ-824 ಅಂತ ಬೇರೆ ಫಾರ್ಮು. ಎಷ್ಟೋ ಜನಕ್ಕೆ ಇದು ಗೊತ್ತಿಲ್ದೆ ಸುಮ್ನೆ ವರ್ಷಗಟ್ಲೆ ಕಾಯ್ತಾರೆ. ರಿಜಿಸ್ಟ್ರೇಷನ್ ಡೇಟು, ಕಾರ್ಡಲ್ಲಿರೋ 'ರೆಸಿಡೆಂಟ್ ಸಿನ್ಸ್' ಡೇಟು ಎರಡೂ ಪಕ್ಕದಲ್ಲಿಟ್ಕೊಂಡು ನೋಡಿ ಹೇಳಿ.

ತುಂಗೆ_ದಡ

ಸರ್, ಕೆಲ್ಸದ ಮೂಲಕನೇ ಬಂದಿದ್ದು, ಆದ್ರೆ ಮದ್ವೆಗೆ ಮುಂಚೆನೇ. ಕಾರ್ಡಲ್ಲಿ 2021 ಮಾರ್ಚ್ 16 ಅಂತಿದೆ. ಆಗ ನಮಗೆ ಒಬ್ರಿಗೊಬ್ರು ಪರಿಚಯನೂ ಇರ್ಲಿಲ್ಲ, ಜಾತಕ ಬಂದಿದ್ದೇ 2023ರಲ್ಲಿ.

ಮೈಸೂರು_ಆಸ್ಟಿನ್

ಹಾಗಿದ್ರೆ ಫಾಲೋ ಟು ಜಾಯಿನ್ ಇಲ್ಲ. ನಿಮ್ದು ಎಫ್2ಎ ಕ್ಯಾಟಗರಿ, ಅಂದ್ರೆ ಗ್ರೀನ್ ಕಾರ್ಡ್ ಇರೋರ ಹೆಂಡ್ತಿ ಅಥ್ವಾ ಗಂಡ. ನೇರವಾಗಿ ಹೇಳ್ತೀನಿ, ಬೇಜಾರಾಗ್ಬೇಡಿ, ನೀವು ದಿನಾ ಎರಡು ಸಲ ನೋಡ್ತಿರೋ ಆ ಸ್ಟೇಟಸ್ಸು ನಿಮ್ಮನ್ನ ತಡೆ ಹಿಡಿದಿರೋದಲ್ಲ.

ನಿಮ್ಗೆ ಎರಡು ಕ್ಯೂ ಇದೆ. ಒಂದು ಯುಎಸ್‌ಸಿಐಎಸ್‌ನವ್ರು, ಅಂದ್ರೆ ಅಮೆರಿಕದ ವಲಸೆ ಇಲಾಖೆಯವ್ರು, ಪಿಟಿಷನ್ ಓದಿ ಹೌದು ಈ ಮದ್ವೆ ನಿಜ ಅಂತ ಅಪ್ರೂವ್ ಮಾಡೋದು. ಇನ್ನೊಂದು ವೀಸಾ ನಂಬರ್ ಸಿಗೋದು. ಸಿಟಿಜನ್‌ಗಳ ಹೆಂಡ್ತೀರಿಗೆ ಎರಡನೇ ಕ್ಯೂ ಇಲ್ಲವೇ ಇಲ್ಲ, ಅದಕ್ಕೇ ಅವರು ಅಪ್ರೂವಲ್ ಅಪ್ರೂವಲ್ ಅಂತ ಕಾಯ್ತಾರೆ, ಅವ್ರ ಮಾತು ಕೇಳಿ ನೀವೂ ಅದನ್ನೇ ಕಾಯ್ತಿದೀರ. ಎಫ್2ಎಗೆ ಎರಡನೇದೂ ಇದೆ, ಮತ್ತೆ ಈಗ ಅದೇ ಉದ್ದದ್ದು. ನಿಮ್ ರಿಸೀಟಲ್ಲಿ 'ಪ್ರಯಾರಿಟಿ ಡೇಟ್' ಅಂತ ಇರುತ್ತೆ, 2024 ಜನವರಿದು. ಪ್ರತೀ ತಿಂಗಳು ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಹಾಕುತ್ತೆ, ಅದ್ರಲ್ಲಿ 'ಫೈನಲ್ ಆಕ್ಷನ್ ಡೇಟ್ಸ್' ಅನ್ನೋ ಟೇಬಲಲ್ಲಿ ಎಫ್2ಎ ಸಾಲು ನೋಡಿ. ಈ ತಿಂಗಳು ಅಲ್ಲಿರೋದು 2022 ಜನವರಿ 1. ಅಂದ್ರೆ ನಿಮ್ಗಿಂತ ಎರಡು ವರ್ಷ ಮುಂಚೆ ಹಾಕಿದವ್ರ ಸರದಿ ಈಗ ನಡೀತಿದೆ. ನಾಳೆ ಬೆಳಗ್ಗೆನೇ ಅಪ್ರೂವಲ್ ಬಂದ್ರೂ ಡೇಟ್ ಬರೋವರ್ಗೂ ಇಂಟರ್ವ್ಯೂ ಇಲ್ಲ. ಆ ಡೇಟು ಒಂದೊಂದ್ ಸಲ ತಿಂಗಳುಗಟ್ಲೆ ಅಲ್ಲಾಡಲ್ಲ, ಒಂದೊಂದ್ ಸಲ ಒಟ್ಟಿಗೇ ಹಾರುತ್ತೆ, ಒಂದೊಂದ್ ಸಲ ಹಿಂದಕ್ಕೂ ಹೋಗುತ್ತೆ. ಒಂದೇ ಸಮಾಧಾನ, ಎಂಪ್ಲಾಯ್‌ಮೆಂಟ್ ಕ್ಯೂ ತರ ಇಲ್ಲಿ ಇಂಡಿಯಾಗೆ ಅಂತ ಬೇರೆ ಉದ್ದದ ಸಾಲು ಇಲ್ಲ. ಎಫ್2ಎ ನಂಬರುಗಳಲ್ಲಿ ಮುಕ್ಕಾಲು ಭಾಗಕ್ಕೆ ದೇಶದ ಮಿತಿ ಅನ್ವಯ ಆಗಲ್ಲ.

ಎಕ್ಸ್‌ಪಿಡೈಟ್ ವಿಷ್ಯ. ಅದು ಇದೆ, ಜೀವಕ್ಕೆ ಅಪಾಯದಂಥ ಅನಾರೋಗ್ಯ, ದೊಡ್ಡ ಆರ್ಥಿಕ ನಷ್ಟ ಇಂಥದ್ದಕ್ಕೆ ದಾಖಲೆ ಸಮೇತ ಕೇಳ್ಬೋದು. ಗಂಡ ಹೆಂಡ್ತಿ ದೂರ ಇದೀವಿ ಅನ್ನೋದೊಂದೇ ಕಾರಣಕ್ಕೆ ಕೊಡಲ್ಲ, ಯಾಕಂದ್ರೆ ಈ ಕ್ಯೂನಲ್ಲಿರೋ ಎಲ್ಲರೂ ದೂರನೇ ಇರೋದು. ಎಂಪಿ ತರ ಅಲ್ಲಿಯ ಕಾಂಗ್ರೆಸ್ ಸದಸ್ಯರ ಆಫೀಸಿಂದ ಎನ್‌ಕ್ವೈರಿ ಹಾಕಿಸ್ಬೋದು, ನಿಮ್ ಯಜಮಾನ್ರು ಅವರ ಕ್ಷೇತ್ರದಲ್ಲಿ ವಾಸ ಇದ್ರೆ ಸಾಕು, ಪ್ರೈವೆಸಿ ರಿಲೀಸ್ ಫಾರ್ಮ್‌ಗೆ ಸಹಿ ಹಾಕ್ಬೇಕು. ಆದ್ರೆ ಇದೆಲ್ಲ ಮೊದಲ್ನೇ ಕ್ಯೂಗೆ ಮಾತ್ರ. ವೀಸಾ ನಂಬರನ್ನ ಯಾರೂ ಎಕ್ಸ್‌ಪಿಡೈಟ್ ಮಾಡಕ್ಕಾಗಲ್ಲ.

ಈಗ ಮುಖ್ಯವಾದ್ದು. ಅವರು ಏಳೆಂಟು ತಿಂಗಳು ಬಂದಿರೋದು ಬೇಡ. ದಯವಿಟ್ಟು. ನಿಮ್ಮಿಬ್ರಿಗೆ ಇರೋ ಹತ್ರದ ದಾರಿ ಅವ್ರ ಸಿಟಿಜನ್‌ಶಿಪ್ಪು. 2021 ಮಾರ್ಚ್ 16ಕ್ಕೆ ಐದು ವರ್ಷ ಸೇರಿಸಿದ್ರೆ 2026 ಮಾರ್ಚ್ 16, ಅದಕ್ಕೆ 90 ದಿನ ಮುಂಚೆನೇ ಎನ್-400, ಅಂದ್ರೆ ಸಿಟಿಜನ್‌ಶಿಪ್ ಅರ್ಜಿ, ಹಾಕ್ಬೋದು, ಅಂದ್ರೆ ಈ ವರ್ಷ ಡಿಸೆಂಬರ್ ಮಧ್ಯದಲ್ಲಿ. ಇನ್ನು ಹತ್ತು ತಿಂಗಳು. ಆದ್ರೆ ಆ ಐದು ವರ್ಷದಲ್ಲಿ ಒಂದೇ ಟ್ರಿಪ್ಪಲ್ಲಿ ಆರು ತಿಂಗಳು ದಾಟಿ ಹೊರಗಿದ್ರೆ 'ಕಂಟಿನ್ಯೂಸ್ ರೆಸಿಡೆನ್ಸ್' ಮುರಿದೋಯ್ತು ಅಂತ ಅವ್ರು ಎಣಿಸ್ತಾರೆ, ಇಲ್ಲ ಮುರಿದಿಲ್ಲ ಅಂತ ಸಾಬೀತು ಮಾಡೋ ಭಾರ ನಿಮ್ ಯಜಮಾನ್ರ ಮೇಲೆ ಬೀಳುತ್ತೆ. ಬಾಡಿಗೆ ಮನೆ, ಟ್ಯಾಕ್ಸು, ಅಲ್ಲೇ ಕೆಲ್ಸ ಇತ್ತು ಅಂತೆಲ್ಲ ತೋರಿಸಿ ಗೆದ್ದವ್ರೂ ಇದಾರೆ, ಅರ್ಜಿ ತಿರಸ್ಕಾರ ಆಗಿ ಮತ್ತೆ ವರ್ಷಗಟ್ಲೆ ಕಾದವ್ರೂ ಇದಾರೆ. ನನ್ ಹತ್ರದ ಗೆಳೆಯನೊಬ್ಬ ಅಪ್ಪನ ಕಾಯಿಲೆಗೆ ಅಂತ ಏಳು ತಿಂಗಳು ಊರಲ್ಲಿದ್ದ, ಅದೇ ಕಾರಣಕ್ಕೆ ಎನ್-400 ತಿರಸ್ಕಾರ ಆಯ್ತು, ಅವನ್ ಹೆಂಡ್ತಿ ಕೇಸೂ ಅದ್ರ ಜೊತೆ ಹಿಂದೆ ಬಿತ್ತು. ಬರ್ಲಿ, ಯುಗಾದಿ ಮಾಡ್ಕೊಂಡು ಎರಡು ತಿಂಗಳಿದ್ದು ಹೋಗ್ಲಿ, ಮತ್ತೆ ದೀಪಾವಳಿಗೆ ಬರ್ಲಿ. ಒಟ್ಟು ಐದು ವರ್ಷದಲ್ಲಿ 30 ತಿಂಗಳು ಅಮೆರಿಕದ ಒಳಗಿರ್ಬೇಕು ಅನ್ನೋದೂ ಇದೆ, ಅದು ಅವ್ರಿಗೆ ಕಷ್ಟ ಆಗ್ಲಾರದು. ಆದ್ರೆ ಒಂದೇ ಏಟಿಗೆ ಆರು ತಿಂಗಳು ದಾಟೋದು ಬೇಡ.

ಹುಬ್ಬಳ್ಳಿ_ಮಲ್ಲಿಗಿ

ನಮಸ್ಕಾರ ರೀ. ನಿಮ್ಮ ಆಷಾಢದ ಮಾತು ಓದಿ ಕಣ್ಣಾಗ ನೀರ ಬಂತು, ನಂದೂ ಇದ ಕಥಿ. ನಾವೂ ಎಫ್2ಎದಾಗ ಇದ್ವಿ, ಈಗ ನ್ಯೂಜೆರ್ಸಿ ಒಳಗ ಅದೀನಿ, ಹಿಂಗಾಗಿ ಮೊದಲ ಧೈರ್ಯ ತಗೋರಿ.

ನಮ್ಮ ಮನಿಯವರು ನಂದ 2022ರಾಗ ಹಾಕಿದ್ರು. ಅವಾಗ ಎಫ್2ಎ ಕರೆಂಟ್ ಇತ್ತ ನೋಡ್ರಿ, 2019 ಜುಲೈದಿಂದ 2023 ಮಾರ್ಚ್ ತನಕ ಕ್ಯೂನ ಇರಲಿಲ್ಲ, ಅಪ್ರೂವಲ್ ಆತಂದ್ರ ಮುಗೀತು ಅಂತ ಎಲ್ಲಾರೂ ಹೇಳಿದ್ರು. 2023 ಏಪ್ರಿಲ್ ಬುಲೆಟಿನ್‌ದಾಗ ಒಮ್ಮಿಂದೊಮ್ಮೆ 2020 ಸೆಪ್ಟೆಂಬರ್ 8 ಅಂತ ಡೇಟ್ ಹಾಕಿಬಿಟ್ರು. ಅವತ್ತ ರಾತ್ರಿ ನಾ ಊಟಾ ಮಾಡಲಿಲ್ಲ. ಆಮೇಲೆ ಆಗಸ್ಟ್‌ನಾಗ ಅಪ್ರೂವಲ್ ಬಂತ ರೀ, ಮನ್ಯಾಗ ಎಲ್ಲಾರೂ ಪೇಢಾ ಹಂಚಿದ್ರು, ನನಗ ಒಬ್ಬಾಕಿಗೆ ಗೊತ್ತಿತ್ತ ಇದರಿಂದ ಏನೂ ಆಗೂದಿಲ್ಲ ಅಂತ.

ನಮಗ ದಾರಿ ತೆಗದಿದ್ದ ಅವರ ಓತ್, ಅಂದ್ರ ಸಿಟಿಜನ್ ಆಗೂ ಪ್ರಮಾಣ. 2024 ಫೆಬ್ರವರಿದಾಗ ಸಿಟಿಜನ್ ಆದ್ರು, ಮರುದಿನಾನ ನ್ಯಾಚುರಲೈಸೇಷನ್ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಎನ್‌ವಿಸಿಗೆ ಕಳಿಸಿದ್ವಿ, ಅಂದ್ರ ನ್ಯಾಷನಲ್ ವೀಸಾ ಸೆಂಟರ್, ನ್ಯೂ ಹ್ಯಾಂಪ್‌ಶೈರ್‌ನಾಗ ಐತಲ್ಲ ಅದು. ಎನ್‌ವಿಸಿಯವರು ನನ್ನ ಕ್ಯಾಟಗರಿ ಬದಲಿ ಮಾಡಿದ್ರು, ಬುಲೆಟಿನ್ ನೋಡೂದು ಅವತ್ತಿಗೆ ಬಂದ್ ಆತು. ನಿಮ್ಮದು ಅಷ್ಟೊತ್ತಿಗೆ ಅಪ್ರೂವ್ ಆಗಿರಲಿಲ್ಲಂದ್ರ ಎನ್‌ವಿಸಿ ಅಲ್ಲ, ಯುಎಸ್‌ಸಿಐಎಸ್ ಅಕೌಂಟ್‌ನಾಗ ಅದ ಕೇಸಿಗೆ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಬೇಕ್ರಿ. ಹೊಸ ಐ-130 ಹಾಕೂದೇನ ಬ್ಯಾಡ. ಒಬ್ಬರು ಹೊಸಾದು ಹಾಕ್ರಿ ಅಂತ ನಮಗ ಹೇಳಿದ್ರು, ಅದು ತಪ್ಪು.

ಮತ್ತ ನಿಮಗ ಒಂದ ಲಾಭ ಐತಿ. ನೀವು ಅಮೆರಿಕಾದ ಒಳಗ ಹೋಗೂ ಹೊತ್ತಿಗೆ ಮದುವಿ ಆಗಿ ಎರಡು ವರ್ಷ ದಾಟಿರತೈತಿ, ಹಿಂಗಾಗಿ ಸಿಆರ್1 ವೀಸಾ ಅಲ್ಲ ಐಆರ್1 ವೀಸಾ ಬರತೈತಿ, ಕಾರ್ಡ್ ಹತ್ತು ವರ್ಷದ್ದು. ಎರಡು ವರ್ಷದ ಕಂಡೀಷನಲ್ ಕಾರ್ಡ್, ಮತ್ತ ಆ ಕಂಡೀಷನ್ ತೆಗಸಾಕ ಐ-751 ಹಾಕೂದು, ಆ ತ್ರಾಸ ಇಲ್ಲ.

ಕಾಯೂ ಹೊತ್ತಿನಾಗ ಮಾಡೂ ಕೆಲಸಾ ಭಾಳ ಐತ್ರಿ. ನಿಮ್ಮ ಬರ್ತ್ ಸರ್ಟಿಫಿಕೇಟ್ ಇವತ್ತ ತೆಗದ ನೋಡ್ರಿ. ನನ್ನ ಸರ್ಟಿಫಿಕೇಟ್‌ನಾಗ ನನ್ನ ಹೆಸರ ಇರಲಿಲ್ಲ! ಹುಟ್ಟಿದಾಗ ಇನ್ನೂ ನಾಮಕರಣ ಆಗಿರಲಿಲ್ಲ, ಆಸ್ಪತ್ರೆಯವರು ಅಪ್ಪ ಅವ್ವನ ಹೆಸರ ಅಷ್ಟ ಬರಸಿ ಬಿಟ್ಟಿದ್ರು. ಹೆಸರ ಸೇರಸಾಕ ಎಷ್ಟ ಸಲ ಅಡ್ಡಾಡೀನಿ ಅಂತ ಕೇಳಬ್ಯಾಡ್ರಿ. ರಿಜಿಸ್ಟರ್ ಆಗಿರಲೇ ಇಲ್ಲಂದ್ರ ನಾನ್ ಅವೈಲೆಬಿಲಿಟಿ ಸರ್ಟಿಫಿಕೇಟ್ ತಗೊಂಡು ಜೊತಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಹಿರಿಯಾರ ಅಫಿಡವಿಟ್ ಕೊಡಬೇಕಾಗತೈತಿ. ಇನ್ನ ಹೆಸರಿನ ಇನಿಷಿಯಲ್. ಪಾಸ್‌ಪೋರ್ಟ್‌ನಾಗ ಅಪ್ಪನ ಹೆಸರು ಸರ್‌ನೇಮ್ ಆಗಿ ಪೂರ್ತಿ ಐತಿ, ಮ್ಯಾರೇಜ್ ಸರ್ಟಿಫಿಕೇಟ್‌ನಾಗ ಬರೇ ಎರಡ ಅಕ್ಷರ, ಮಾರ್ಕ್ಸ್ ಕಾರ್ಡಿನಾಗ ಸ್ಪೆಲ್ಲಿಂಗ ಬ್ಯಾರೆ. ನಮ್ಮ ಕರ್ನಾಟಕದವರಿಗೆ ಇದು ಅರ್ಧಾ ಮಂದಿಗೆ ಇರೂ ತ್ರಾಸ. ಇವೆಲ್ಲಾ ಒಬ್ಬಾಕಿದ ಹೆಸರು ಅಂತ ಒಂದ ಅಫಿಡವಿಟ್ ಮಾಡಿಸಿ ಇಟಗೋರಿ. ಕನ್ನಡದಾಗ ಇರೂ ಕಾಗದಕ್ಕೆಲ್ಲಾ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರು ನನಗ ಎರಡೂ ಭಾಷಾ ಬರತಾವು, ಇದು ಸರಿ ಐತಿ ಅಂತ ಸಹಿ ಮಾಡಿರಬೇಕು.

ಇಂಟರ್ವ್ಯೂ ಮುಂಬೈದಾಗ. ಬೆಂಗಳೂರಾಗ ಕಾನ್ಸುಲೇಟ್ ಈ ಜನವರಿದಾಗ ಉದ್ಘಾಟನೆ ಆಗೇತಿ ಖರೆ, ಆದ್ರ ವೀಸಾ ಕೆಲಸಾ ಇನ್ನೂ ಶುರು ಮಾಡಿಲ್ಲ. ನಂದು 2024 ಸೆಪ್ಟೆಂಬರ್‌ದಾಗ ಇತ್ತು, ಅಪ್ಪನ್ನ ಕರಕೊಂಡು ರಾತ್ರಿ ಬಸ್ಸಿಗೆ ಹೋಗಿದ್ದೆ. ಒಳಗ ಐದಾರು ಪ್ರಶ್ನೆ ಅಷ್ಟ ರೀ. ಮದುವಿ ಯಾರು ಕೂಡಿಸಿದ್ರು, ಗಂಡ ಏನ್ ಕೆಲಸಾ ಮಾಡ್ತಾರ, ಮದುವಿ ಆದಮ್ಯಾಲೆ ಎಷ್ಟ ಸಲ ಬಂದಿದ್ರು. ನಾ ಮೂರು ವರ್ಷದ ಫೋಟೋ, ಲಗ್ನಪತ್ರಿಕೆ, ವಾಟ್ಸಾಪ್ ಕಾಲ್ ಲಿಸ್ಟ್ ಎಲ್ಲಾ ಒಂದ ದೊಡ್ಡ ಫೈಲ್ ಒಯ್ದಿದ್ದೆ, ಆ ಮೇಡಮ್ಮು ಎರಡ ಫೋಟೋ ನೋಡಿ ನಕ್ಕು 'ಅಪ್ರೂವ್ಡ್' ಅಂದ್ಲು. ಹೊರಗ ಬಂದು ಅಪ್ಪಗ ಹೇಳೂದ್ರಾಗ ದನಿ ಹೊರಡಲಿಲ್ಲ.

ಕರಾವಳಿ_ಅಣ್ಣ

ಟೂರಿಸ್ಟ್ ವೀಸಾ ಮತ್ತು ಏಜೆಂಟ್ ವಿಷಯ ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೀತಿದ್ದೇನೆ.

ಏಜೆಂಟಿಗೆ ಒಂದು ರೂಪಾಯಿ ಕೊಡ್ಬೇಡಿ ಮಾರಾಯ್ರೆ, ಅಪ್ಪನಿಗೂ ಹೇಳಿ. ಐ-130ಗೆ ಪ್ರೀಮಿಯಂ ಪ್ರೊಸೆಸಿಂಗ್ ಅನ್ನುವುದೇ ಇಲ್ಲ, ಸರ್ಕಾರಕ್ಕೆ ಹೆಚ್ಚು ದುಡ್ಡು ಕಟ್ಟಿ ಬೇಗ ಮಾಡಿಸುವ ದಾರಿಯೇ ಇಲ್ಲದಾಗ ಇವನು ಶಿವಮೊಗ್ಗದಲ್ಲಿ ಕೂತು ಎಂತ ಮೂವ್ ಮಾಡಿಸುವುದು? ನನ್ನ ತಂಗಿಗೆ ಒಬ್ಬ ಹೀಗೇ ಹೇಳಿ ದುಡ್ಡು ತಗೊಂಡ, ಮಾಡಿದ್ದು ಏನು ಕೇಳಿದ್ರೆ ಅದೇ ಸ್ಟೇಟಸ್ ಪೇಜಿನ ಸ್ಕ್ರೀನ್‌ಶಾಟ್ ತಿಂಗಳಿಗೊಂದು ಕಳಿಸಿದ್ದು. ಅವಳ ಗಂಡ ಅಲ್ಲಿ ಎರಡು ಶಿಫ್ಟ್ ದುಡಿದ ಹಣ ಅದು. ಈಗಲೂ ನೆನೆಸಿದ್ರೆ ಹೊಟ್ಟೆ ಉರೀತದೆ.

ಟೂರಿಸ್ಟ್ ವೀಸಾ ಹಾಕಬಾರದು ಅಂತ ಕಾನೂನು ಇಲ್ಲ. ಆದ್ರೆ ಆ ವೀಸಾಕ್ಕೆ ತುಂಬುವ ಡಿಎಸ್-160 ಫಾರ್ಮಲ್ಲಿ ನಿಮ್ಮ ಪರವಾಗಿ ಯಾರಾದ್ರೂ ಇಮಿಗ್ರೆಂಟ್ ಪಿಟಿಷನ್ ಹಾಕಿದ್ದಾರಾ ಅಂತ ನೇರ ಪ್ರಶ್ನೆ ಉಂಟು. ಹೌದು ಅಂತಲೇ ಬರೀಬೇಕು. ಬರೆದ್ರೆ ಇವಳು ಹೋದವಳು ವಾಪಸ್ ಬರ್ಲಿಕ್ಕಿಲ್ಲ ಅಂತ 214ಬಿ ಸೆಕ್ಷನ್ ಕೆಳಗೆ ರಿಜೆಕ್ಟ್ ಮಾಡುವ ಸಾಧ್ಯತೆ ಜಾಸ್ತಿ. ಆ ರಿಜೆಕ್ಷನ್‌ನಿಂದ ಮುಂದೆ ಐ-130 ಕೇಸಿಗೆ ತೊಂದರೆ ಇಲ್ಲ. ಆದ್ರೆ ಇಲ್ಲ ಅಂತ ಸುಳ್ಳು ಬರೆದು ಸಿಕ್ಕಿಬಿದ್ರೆ ಜೀವನಪೂರ್ತಿ ಅಮೆರಿಕಕ್ಕೆ ಬಾಗಿಲು ಮುಚ್ಚುವಂಥ ತಪ್ಪು ಅದು. 'ಅದೆಲ್ಲ ನೋ ಅಂತ ಹಾಕಿ' ಅಂತ ಏಜೆಂಟ್ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಚಿಕ್ಕಮಗಳೂರು_ಕಾಫಿ

ಮಧ್ಯದಲ್ಲಿ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಮ್ದೂ ಎಫ್2ಎನೇ, ಆದ್ರೆ ನಮ್ಗೆ ಎರಡು ವರ್ಷದ ಮಗಳಿದಾಳೆ, ಇಂಡಿಯಾದಲ್ಲೇ ಹುಟ್ಟಿದ್ದು. ಯಜಮಾನ್ರು ಸಿಟಿಜನ್ ಆದ್ರೆ ಅವಳ ಕ್ಯಾಟಗರಿನೂ ತಾನಾಗೇ ಬದ್ಲಾಗುತ್ತಾ?

ಮೈಸೂರು_ಆಸ್ಟಿನ್

ಇಲ್ಲ ಮೇಡಂ, ಇದು ತುಂಬಾ ಜನ ಎಡವೋ ಜಾಗ. ಎಫ್2ಎದಲ್ಲಿ ತಾಯಿ ಕೇಸಲ್ಲೇ ಮಗು ಡಿಪೆಂಡೆಂಟ್ ಆಗಿ ಬರುತ್ತೆ. ಗಂಡ ಸಿಟಿಜನ್ ಆದ ದಿನ ನೀವು ಇಮ್ಮೀಡಿಯಟ್ ರೆಲೆಟಿವ್ ಆಗ್ತೀರ, ಆ ಕ್ಯಾಟಗರಿಲಿ ಡಿಪೆಂಡೆಂಟ್ ಅನ್ನೋದೇ ಇಲ್ಲ. ಮಗಳಿಗೆ ಅಂತ ಬೇರೆ ಐ-130 ಬೇಕು. ಈಗ್ಲೇ ಹಾಕ್ಸಿ ಇಟ್ಬಿಡಿ, ಆನ್‌ಲೈನಲ್ಲಿ 625 ಡಾಲರ್, ಪೇಪರಲ್ಲಿ 675. ಇಲ್ಲಾಂದ್ರೆ ನಿಮ್ ವೀಸಾ ಕೈಗೆ ಬಂದಾಗ ಮಗಳ ಕೇಸು ಆಗಷ್ಟೇ ಶುರು ಆಗಿರುತ್ತೆ.

ತುಂಗೆ_ದಡ ಮೇಡಂ, ನಿಮ್ಗೆ ಇನ್ನೊಂದು ಬಿಟ್ಟೋಗಿತ್ತು. ಎನ್‌ವಿಸಿ ಹಂತದಲ್ಲಿ ಎರಡು ಫೀಸು, ಇಮಿಗ್ರೆಂಟ್ ವೀಸಾ ಅರ್ಜಿ ಡಿಎಸ್-260ಗೆ 325 ಡಾಲರ್, ಅಫಿಡವಿಟ್ ಆಫ್ ಸಪೋರ್ಟ್‌ಗೆ 120. ಆ ಅಫಿಡವಿಟ್ ಫಾರ್ಮು ಐ-864ರಲ್ಲಿ ಅವ್ರ ಆದಾಯ ಅಮೆರಿಕದ ಬಡತನ ರೇಖೆಯ ಶೇ. 125ಕ್ಕಿಂತ ಮೇಲಿರ್ಬೇಕು, ಇಬ್ರ ಸಂಸಾರಕ್ಕೆ 2025ರಲ್ಲಿ ವರ್ಷಕ್ಕೆ 26 ಸಾವಿರ ಚಿಲ್ರೆ ಡಾಲರ್, ಕೆಲ್ಸದಲ್ಲಿರೋರಿಗೆ ಅದು ದೊಡ್ಡ ವಿಷ್ಯ ಅಲ್ಲ. ಮತ್ತೆ ಅವ್ರು ಇಂಡಿಯಾಕ್ಕೆ ಬಂದ್ಹೋದ ಪ್ರತೀ ಟ್ರಿಪ್ಪಿನ ಡೇಟು ಒಂದ್ ಕಡೆ ಬರೆದಿಡಕ್ಕೆ ಹೇಳಿ. ಎನ್-400ರಲ್ಲಿ ಐದು ವರ್ಷದ್ದೂ ಕೇಳ್ತಾರೆ, ನಿಮ್ ಇಂಟರ್ವ್ಯೂನಲ್ಲೂ ಅದೇ ಬೋರ್ಡಿಂಗ್ ಪಾಸುಗಳು ಸಾಕ್ಷಿ ಆಗುತ್ತೆ.

ಹೆಡ್ ಮಿಸ್‌ಗೆ ಹತ್ತನೇ ಕ್ಲಾಸ್ ತಗೋತೀನಿ ಅಂತ ಹೇಳಿ. ಮುಂದಿನ ವರ್ಷದ ಪರೀಕ್ಷೆ ಮುಗಿಯೋವರ್ಗಂತೂ ನೀವು ಅಲ್ಲೇ ಇರ್ತೀರ.

ತುಂಗೆ_ದಡ (ನಾಲ್ಕು ದಿನ ಬಿಟ್ಟು)

ಎಲ್ರಿಗೂ ಕೈ ಮುಗೀತೀನಿ. ಮೊದಲ್ನೇ ದಿನ ಓದಿ ತುಂಬಾ ಅತ್ತೆ, ಸುಳ್ಳು ಹೇಳಲ್ಲ, ಯಾಕಂದ್ರೆ ನಾನು ಇನ್ನೊಂದ್ ತಿಂಗಳು ಇನ್ನೊಂದ್ ತಿಂಗಳು ಅಂತ ಎಣಿಸ್ತಿದ್ದೆ. ಆಮೇಲೆ ಅವ್ರಿಗೆ ಫೋನಲ್ಲಿ ಪೂರ್ತಿ ಓದಿ ಹೇಳ್ದೆ, ಆರು ತಿಂಗಳ ವಿಷ್ಯ ಅವ್ರಿಗೂ ಗೊತ್ತಿರ್ಲಿಲ್ಲ, ಗ್ರೀನ್ ಕಾರ್ಡ್‌ಗೆ ಒಂದು ವರ್ಷ ದಾಟ್ಬಾರ್ದು ಅಂತ ಮಾತ್ರ ಕೇಳಿದ್ರಂತೆ. ಟಿಕೆಟ್ ಬದ್ಲಾಯ್ಸಿದಾರೆ, ಯುಗಾದಿಗೆ ಬಂದು ಮೇ ಕೊನೆಗೆ ವಾಪಸ್ಸು.

ಏಜೆಂಟಿಗೆ ಬೇಡ ಅಂತ ಅಪ್ಪನೇ ಫೋನ್ ಮಾಡಿ ಹೇಳಿದ್ರು. ಹತ್ತನೇ ಕ್ಲಾಸು ತಗೊಂಡೆ.

ಹುಬ್ಬಳ್ಳಿ ಅಕ್ಕ, ನಿಮ್ ಮಾತು ಕೇಳಿ ಬರ್ತ್ ಸರ್ಟಿಫಿಕೇಟ್ ತೆಗ್ದು ನೋಡ್ದೆ, ನಂದ್ರಲ್ಲೂ ಹೆಸ್ರಿಲ್ಲ. ಬರೀ 'ಹೆಣ್ಣು' ಅಂತಿದೆ. ಸೋಮವಾರ ಅರ್ಧ ದಿನ ರಜೆ ಹಾಕಿ ಪಾಲಿಕೆ ಆಫೀಸಿಗೆ ಹೋಗ್ತೀನಿ. ಏನೇನ್ ತಗೊಂಡ್ ಹೋಗ್ಬೇಕು ಹೇಳ್ತೀರಾ?

ಹುಬ್ಬಳ್ಳಿ_ಮಲ್ಲಿಗಿ

ಹಳೇ ಸರ್ಟಿಫಿಕೇಟ್ ಅಸಲಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ನಿಮ್ಮ ಆಧಾರ್, ಅಪ್ಪ ಅವ್ವನ ಆಧಾರ್, ಎಲ್ಲಾದ್ರದೂ ಎರಡೆರಡ ಝೆರಾಕ್ಸ್. ನನಗ ಇವು ಕೇಳಿದ್ರು, ನಿಮ್ಮಲ್ಲೆ ಬ್ಯಾರೆ ಏನರೆ ಬೇಕಂದ್ರ ಒಂದ ಸಲ ಮೊದಲ ವಿಚಾರಿಸಿ ಬರ್ರಿ. ಅಪ್ಪನ್ನ ಕರಕೊಂಡ ಹೋಗ್ರಿ, ಸಹಿ ಬೇಕಾಗತೈತಿ. ಮತ್ತ ಹೆಸರಿನ ಸ್ಪೆಲ್ಲಿಂಗ ಪಾಸ್‌ಪೋರ್ಟ್‌ನಾಗ ಹೆಂಗ ಐತೋ ಹಂಗ ಬರಸ್ರಿ, ಕೌಂಟರ್ ಬಿಡೂ ಮೊದಲ ಒಂದೊಂದ ಅಕ್ಷರ ಓದಿ ನೋಡ್ರಿ.